ತಾತನ ಹೆಸರಿನಲ್ಲೇ ಉಳಿದ ಪಹಣಿ, ಚಿಕ್ಕಪ್ಪ ಒತ್ತಿದ ಹೆಬ್ಬೆಟ್ಟು

ಹಿರಿಯೂರು ತಾಲ್ಲೂಕಿನ ನಮ್ಮೂರಿನಲ್ಲಿ ತಾತ ಗೇಣಿಗೆ ಮಾಡುತ್ತಿದ್ದ ನಾಲ್ಕು ಎಕರೆ ಹತ್ತು ಗುಂಟೆ ಹೊಲ ನಮ್ಮದಾದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವೆಂದು ಕಾನೂನಾದ ಮೇಲೆ, ತಾತ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಧಣಿಯ ಎದುರೇ ಹೇಳಿಕೆ ಕೊಟ್ಟು ಹಕ್ಕು ಪಡೆದರು. ಹಾಗೆ ಬಂದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿಲ್ಲ ಎಂಬ ನಿರ್ಬಂಧವೂ ಕಾಯ್ದೆಯಲ್ಲಿತ್ತು. ನಮ್ಮ ಪಾಲಿಗೆ ಆ ಗಡುವು ಎಂದೋ ಮುಗಿದಿತ್ತು.

ತಪ್ಪು ಮೊದಲು ನಮ್ಮದೇ. ತಾತ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಕೆಲಸ, ಮಾಡಿಸಲಿಲ್ಲ. ಅಜ್ಜಿ ಬದುಕಿರುವಾಗ ಖಾತೆಯ ಮಾತೆತ್ತಿದರೆ ಪಾಲು ಕೇಳಿದಂತಾಗುತ್ತದೆ ಎಂದು ಅಪ್ಪ ಸುಮ್ಮನಿದ್ದರು. ಅವರು ದಾವಣಗೆರೆಯ ಹತ್ತಿ ಗಿರಣಿಗೆ ಸೇರಿ ಅಲ್ಲೇ ಉಳಿದರು, ಹೊಲ ಚಿಕ್ಕಪ್ಪನವರ ಉಸ್ತುವಾರಿಯಲ್ಲಿತ್ತು. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ ಒಂಬತ್ತನೇ ಅಂಕಣದಲ್ಲಿ ತಾತನ ಹೆಸರು ಹಾಗೆಯೇ ಇತ್ತು.

ಸೋಲಾರ್‌ನವರು ಜಮೀನನ್ನು ಗುತ್ತಿಗೆಗೆ ಪಡೆಯುತ್ತಾರೆ, ಖಾತೆ ಒಬ್ಬರ ಹೆಸರಿನಲ್ಲಿದ್ದರೆ ಸಲೀಸು ಎಂದು ಹೇಳಿಕೊಂಡು ಮಧ್ಯವರ್ತಿಯೊಬ್ಬ ಚಿಕ್ಕಪ್ಪನವರ ಬಳಿಗೆ ಬಂದದ್ದು ಎರಡು ವರ್ಷದ ಹಿಂದೆ. ಅವನೇ ಓಡಾಡಿ ವಂಶವೃಕ್ಷ ಮಾಡಿಸಿದ. ಅದರಲ್ಲಿ ಅಪ್ಪನ ಹೆಸರೂ ಇರಲಿಲ್ಲ, ಸೋದರತ್ತೆಯ ಹೆಸರೂ ಇರಲಿಲ್ಲ. ಖಾತೆ ಚಿಕ್ಕಪ್ಪನವರ ಒಬ್ಬರ ಹೆಸರಿಗೇ ಆದ ಬಳಿಕ ಅವರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಗುತ್ತಿಗೆ ಪತ್ರವೆಂದು ನಂಬಿಸಿ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಮಾರಾಟದ ಅಧಿಕಾರವನ್ನೂ ಒಳಗೊಂಡ ಜಿ.ಪಿ.ಎ.ಗೆ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ). ಓದು ಬಾರದ ಚಿಕ್ಕಪ್ಪನವರಿಗೆ ಅದನ್ನು ಯಾರೂ ಓದಿ ಹೇಳಲಿಲ್ಲ. ಕೆಲವೇ ತಿಂಗಳಲ್ಲಿ ಹೊಲ ಬೆಂಗಳೂರಿನವರೊಬ್ಬರಿಗೆ ಕ್ರಯವಾಯಿತು.

ಮೊದಲಾದರೆ ಕೊಳ್ಳುವವರ ಕೃಷಿಯೇತರ ಆದಾಯವೆಷ್ಟು, ಅವರು ಕೃಷಿಕರೇ ಎಂದು ಕೇಳುವ 79ಎ, 79ಬಿ ಕಲಂಗಳು ಭೂಸುಧಾರಣಾ ಕಾಯ್ದೆಯಲ್ಲಿದ್ದವು. ಅವನ್ನು ದಾಟಲು ಸುಳ್ಳು ದಾಖಲೆಗಳು ಓಡಾಡುತ್ತಿದ್ದುದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೂ ಬೇಲಿಯೊಂದಿತ್ತು. 2020ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಗೇಣಿದಾರನ ಕೈಗೆ ಬಂದ ಭೂಮಿ ಹಣವುಳ್ಳ ಯಾರ ಕೈಗಾದರೂ ಹೋಗಬಹುದಾದ ದಾರಿ ಈಗ ಕಾನೂನಿನದೇ.

ಹಕ್ಕು ಬದಲಾವಣೆಯ ನೋಟಿಸು ಊರಿನಲ್ಲಿ ಅಂಟಿಸಿದ್ದರಂತೆ, ದಾವಣಗೆರೆಯಲ್ಲಿದ್ದ ನಮಗೆ ಅದು ಕಾಣುವುದಾದರೂ ಹೇಗೆ? ಅವಧಿಯೊಳಗೆ ತಕರಾರು ಸಲ್ಲಿಸಿದ್ದರೆ ವಿಚಾರಣೆಯಾಗದೆ ಖಾತೆ ಬದಲಾಗುತ್ತಿರಲಿಲ್ಲ. ಈಗ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ, ಜೊತೆಗೆ ಸಿವಿಲ್ ನ್ಯಾಯಾಲಯದಲ್ಲಿ ಪಾಲು ವಿಭಾಗದ ದಾವೆ. ಪಹಣಿ ಕಂದಾಯದ ದಾಖಲೆಯಷ್ಟೇ, ಒಡೆತನವನ್ನು ಅದೊಂದೇ ತೀರ್ಮಾನಿಸುವುದಿಲ್ಲ ಎಂಬುದು ನಮ್ಮ ವಕೀಲರು ಹಿಡಿದಿರುವ ಎಳೆ.

ಊರು ಬಿಟ್ಟವರು ಯಾರೇ ಇರಲಿ, ತೀರಿಕೊಂಡ ಹಿರಿಯರ ಹೆಸರಿನಲ್ಲಿ ಜಮೀನಿದ್ದರೆ ಈ ತಿಂಗಳೇ ಪಹಣಿಯನ್ನೂ, ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರವನ್ನೂ ತೆಗೆಸಿ ನೋಡಿ. ಹೆಣ್ಣುಮಕ್ಕಳನ್ನೂ ಸೇರಿಸಿ ವಂಶವೃಕ್ಷ ಮಾಡಿಸಿ ಪೌತಿ ಖಾತೆ ಹಾಕಿಸಿ. ಗುತ್ತಿಗೆ ಎಂದು ಯಾರಾದರೂ ಬಂದರೆ, ಕಾಗದವನ್ನು ಮನೆಗೆ ತಂದು ಓದಿಸಿಕೊಳ್ಳುವ ತನಕ ಹಿರಿಯರನ್ನು ನೋಂದಣಿ ಕಚೇರಿಗೆ ಕಳಿಸಬೇಡಿ.

ಚಿಕ್ಕಪ್ಪ ನ್ಯಾಯಾಲಯದಲ್ಲಿ ಇದನ್ನೆಲ್ಲ ಹೇಳುತ್ತೇನೆಂದು ಒಪ್ಪಿದ್ದಾರೆ. ಹೊಲದ ಸುತ್ತ ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದಾರೆ. ಈ ಮುಂಗಾರಿನಲ್ಲಿ ಅಲ್ಲಿ ಶೇಂಗಾ ಬಿತ್ತಲಿಲ್ಲ.