ಬೇಸ್‌ಬಾಲ್ ಬ್ಯಾಟಿಂಗ್‌ಗೆ ಯಾವುದು ಸರಿ: ಕನ್ನಡಕವೋ, ಗಾಗಲ್ಸೋ, ಲೆನ್ಸೋ?

ಇಡೀ ಒಂದು ಸೀಸನ್ ನನ್ನ ಬ್ಯಾಟ್ ಚೆಂಡಿನ ನೆತ್ತಿಗೇ ತಾಗುತ್ತಿತ್ತು. ಹೊಡೆದದ್ದೆಲ್ಲ ನೆಲಕ್ಕೆ ಬಡಿದು, ಉರುಳಿಕೊಂಡು ಹೋಗಿ ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್ ಶಾರ್ಟ್‌ಸ್ಟಾಪ್ ಕೈ ಸೇರುತ್ತಿತ್ತು. ಕೋಚ್ ಮೊದಲು ನನ್ನ ಕಾಲು ತಿದ್ದಿದರು, ಆಮೇಲೆ ಮೊಣಕೈ. ಕಣ್ಣಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕನ್ನಡಕ ಇತ್ತಲ್ಲ! ಅದನ್ನು ಹಾಕಿಕೊಂಡು ಕಣ್ಣಿನ ಡಾಕ್ಟರ ಚಾರ್ಟಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದೆ.

ಆದರೆ ಚಾರ್ಟ್ ಎದುರಿಗೇ ಇರುತ್ತದೆ, ಅಲುಗಾಡುವುದಿಲ್ಲ. ಚೆಂಡು ಹಾಗಲ್ಲ. ಚೆಂಡೆಸೆಯುವ ಪಿಚರ್ ನಿಲ್ಲುವಲ್ಲಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಗಂಟೆಗೆ 90 ಮೈಲಿ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಕೊನೆಯ ಐದಾರು ಅಡಿಯಲ್ಲಂತೂ ಎಂಥ ಆಟಗಾರನ ಕಣ್ಣಿಗೂ ಅದರ ಹಿಂದೆ ಓಡಲು ಆಗುವುದಿಲ್ಲ. ಹಾಗಾಗಿ ಚೆಂಡು ಕೈ ಬಿಟ್ಟ ಕೂಡಲೇ ಆ ಕೆಂಪು ಹೊಲಿಗೆ ಹೇಗೆ ತಿರುಗುತ್ತಿದೆ ಅಂತ ಕಾಣಬೇಕು. ನಾನು ಆಡುವ ಮಟ್ಟದಲ್ಲಿ ಅಷ್ಟು ವೇಗ ಇಲ್ಲ. ಕಷ್ಟ ಮಾತ್ರ ಅದೇ.

ಪರೀಕ್ಷೆ ಹೀಗೆ ಮಾಡಿದೆ: ಒಂದೇ ಪಿಚಿಂಗ್ ಮಷಿನ್, ಒಂದೇ ವೇಗ, ಕನ್ನಡಕ, ಗಾಗಲ್ಸ್, ಲೆನ್ಸ್ ಒಂದೊಂದಕ್ಕೂ ಮೂವತ್ತು ಚೆಂಡು. ಆಮೇಲೆ ಗೆಳೆಯನೊಬ್ಬ ಚೆಂಡಿನ ಮೇಲೆ ಅಂಕಿ ಬರೆದು ಎಸೆಯುತ್ತಿದ್ದ. ನಾನು ಬ್ಯಾಟ್ ಬೀಸದೆ ಸುಮ್ನೆ ಅಂಕಿ ಕೂಗಬೇಕು.

ಮಾಮೂಲಿ ಕನ್ನಡಕ ಇದರಲ್ಲಿ ಹೀನಾಯವಾಗಿ ಸೋತಿತು. ನಾನು ಬಲಗೈ ಬ್ಯಾಟರ್. ಎಡ ಭುಜ ಪಿಚರ್ ಕಡೆ ಇರುತ್ತದೆ. ಕುತ್ತಿಗೆ ಎಷ್ಟು ತಿರುಗುತ್ತದೋ ಅಷ್ಟೇ, ಮಿಕ್ಕಿದ್ದನ್ನು ಕಣ್ಣುಗುಡ್ಡೆ ತಿರುಗಿಸಿಯೇ ನೋಡಬೇಕು. ಆಗ ಎಡಗಣ್ಣು ಗಾಜಿನ ಹೊರಗಿನ ಅಂಚಿನಿಂದ ನೋಡುತ್ತದೆ. ಬಲಗಣ್ಣಿಗೆ ಮೂಗಿನ ಮೇಲಿನ ಫ್ರೇಮೇ ಅಡ್ಡ. ಗಾಜಿನ ನಡುವೆ ಇರುವ ಸ್ಪಷ್ಟತೆ ಅಂಚಿನಲ್ಲಿ ಇರುವುದಿಲ್ಲ, ಕಂಡದ್ದೂ ಒಂಚೂರು ಪಕ್ಕಕ್ಕೆ ಸರಿದಿರುತ್ತದೆ. ನನಗೇ ಗೊತ್ತಿಲ್ಲದೆ ನಾನು ಎಡಗಾಲು ಹೊರಗಿಟ್ಟು ಎದೆ ತೆರೆದು ನಿಲ್ಲುತ್ತಿದ್ದೆ, ಎರಡೂ ಕಣ್ಣಿಗೆ ಚೆಂಡು ಸಿಗಲಿ ಅಂತ. ಕೋಚ್ ತಿದ್ದುತ್ತಿದ್ದದ್ದು ಇದೇ ಕಾಲನ್ನು!

ಸ್ಪೋರ್ಟ್ಸ್ ಗಾಗಲ್ಸ್ ಅಗಲವಾಗಿರುತ್ತದೆ, ಫ್ರೇಮ್ ಅಷ್ಟು ಅಡ್ಡ ಬರುವುದಿಲ್ಲ. ಪಾಲಿಕಾರ್ಬೊನೇಟ್ ಆದ್ದರಿಂದ ಚೆಂಡು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಇದು ಸಣ್ಣ ಮಾತಲ್ಲ. 1967ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಟೋನಿ ಕೊನಿಗ್ಲಿಯಾರೋ ಮುಖಕ್ಕೆ ಚೆಂಡು ಬಡಿದು ಎಡಗಣ್ಣಿನ ರೆಟಿನಾಗೆ ಪೆಟ್ಟಾಯಿತು. 1970ರಲ್ಲಿ ಆತ 36 ಹೋಮ್ ರನ್ ಹೊಡೆದದ್ದು ನಿಜ, ಆದರೆ ಮರುವರ್ಷವೇ ದೃಷ್ಟಿ ಕೈಕೊಟ್ಟು ಆಟ ಬಿಡಬೇಕಾಯಿತು. ಗಾಗಲ್ಸ್ ಹಾಕಿಯೇ ಕ್ರಿಸ್ ಸಾಬೋ 1988ರ ನ್ಯಾಷನಲ್ ಲೀಗ್ ವರ್ಷದ ಹೊಸ ಆಟಗಾರನಾದ. ನನಗೆ ಮಾತ್ರ ಎರಡು ದಿನ ನೆಲವೇ ಬಾಗಿದಂತೆ ಕಂಡಿತು. ಅದು ಹೋಯಿತು. ಬೆವರಿನ ಮಂಜು ಹೋಗಲಿಲ್ಲ. ಹೆಲ್ಮೆಟ್ ಹಾಕಿದರೆ ಪಟ್ಟಿ ಕಿವಿಯ ಹತ್ತಿರ ಒತ್ತುತ್ತದೆ ಬೇರೆ.

ಅಚ್ಚರಿ ಆದದ್ದು ಲೆನ್ಸಿನಲ್ಲಿ. ಮೊದಲು ಹಾಕಿದ್ದು ಸಾದಾ ಸಾಫ್ಟ್ ಲೆನ್ಸ್. ನನ್ನ ಎಡಗಣ್ಣಿಗೆ ಅಸ್ಟಿಗ್ಮ್ಯಾಟಿಸಮ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಇರದ ದೋಷ) ಇದೆ, ಸಾದಾ ಲೆನ್ಸ್ ಅದನ್ನು ಸರಿಮಾಡುವುದಿಲ್ಲ. ಚಾರ್ಟಿನಲ್ಲಿ ಕನ್ನಡಕಕ್ಕಿಂತ ಒಂದು ಸಾಲು ಕಮ್ಮಿ ಓದಿದೆ. ಮಷಿನ್ ಮುಂದೆ ಮಾತ್ರ ಕನ್ನಡಕಕ್ಕಿಂತ ಎಷ್ಟೋ ಚೆನ್ನಾಗಿ ಹೊಡೆದೆ! ಕಣ್ಣು ಎತ್ತ ತಿರುಗಿದರೂ ಲೆನ್ಸ್ ಜೊತೆಗೇ ಹೋಗುತ್ತದೆ, ಅಲ್ವಾ? ಅಂಚು ಎಂಬುದೇ ಇಲ್ಲ. ಆದರೆ ಹೊಲಿಗೆ ಹರಡಿಕೊಂಡಂತೆ ಕಾಣುತ್ತಿತ್ತು. ಸಂಜೆ ದೀಪ ಹಾಕಿದ ಮೇಲೆ ಅಂಕಿಗಳೂ ಕಲಸಿಹೋದವು.

ಅಸ್ಟಿಗ್ಮ್ಯಾಟಿಸಮ್ಮನ್ನೂ ಸರಿಮಾಡುವ ಟೋರಿಕ್ ಲೆನ್ಸ್ ಹಾಕಿದ ದಿನ ಹೊಲಿಗೆ ಗೆರೆ ಎಳೆದಂತೆ ಕಂಡಿತು. ಇದರದೂ ಒಂದು ಕಿರಿಕಿರಿ ಇದೆ. ಈ ಲೆನ್ಸ್ ಕಣ್ಣಿನ ಮೇಲೆ ಒಂದೇ ದಿಕ್ಕಿನಲ್ಲಿ ನಿಲ್ಲಬೇಕು. ಜೋರಾಗಿ ರೆಪ್ಪೆ ಬಡಿದರೆ ಕೊಂಚ ತಿರುಗಿ, ಮತ್ತೆ ಜಾಗಕ್ಕೆ ಬರುವಷ್ಟರಲ್ಲಿ ಚೆಂಡು ಕ್ಯಾಚರ್ ಕೈಯಲ್ಲಿರುತ್ತದೆ. ಈಗ ಪಿಚರ್ ಕಾಲೆತ್ತುವ ಮೊದಲೇ ರೆಪ್ಪೆ ಬಡಿದು ಮುಗಿಸುತ್ತೇನೆ. ದಿಟ್ಟಿಸಿ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಮ್ಮಿ, ಹಾಗಾಗಿ ಗಾಳಿಗೆ ಕಣ್ಣು ಬೇಗ ಒಣಗುತ್ತದೆ. ಧೂಳು ಸೇರಿಕೊಂಡರಂತೂ ಕೇಳಬೇಡಿ.

ಲೇಸರ್ ಬಳಸಿ ದೃಷ್ಟಿ ತಿದ್ದುವ ಲೇಸಿಕ್ ಶಸ್ತ್ರಚಿಕಿತ್ಸೆ ನಾನು ಮಾಡಿಸಿಲ್ಲ. ವೃತ್ತಿಪರ ಆಟಗಾರ ವಿಲ್ಸನ್ ರಾಮೋಸ್ 2016ರ ಸೀಸನ್‌ಗೆ ಮುಂಚೆ ಮಾಡಿಸಿಕೊಂಡ. ಹಿಂದಿನ ವರ್ಷ .229 ಇದ್ದ ಅವನ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಮಾಡಿದ ಸರದಿಗಳಲ್ಲಿ ಹಿಟ್ ಆದವುಗಳ ಪಾಲು) ಆ ವರ್ಷ .307 ಆಯಿತು. ಆಸೆ ಹುಟ್ಟಿಸುವ ಲೆಕ್ಕವೇ, ಆದರೆ ಅದೆಲ್ಲ ಕಣ್ಣಿನಿಂದಲೇ ಬಂತು ಅನ್ನಲು ನನಗೆ ಧೈರ್ಯ ಇಲ್ಲ.

ಸದ್ಯಕ್ಕೆ ಆಟಕ್ಕೆ ಟೋರಿಕ್ ಲೆನ್ಸ್, ಧೂಳಿನ ಮೈದಾನವಾದರೆ ಗಾಗಲ್ಸ್, ಬೆಂಚಿನಲ್ಲಿ ಕೂತು ಸ್ಕೋರ್ ಬರೆಯಲು ಹಳೆಯ ಕನ್ನಡಕ. ಚೆಂಡು ಈಗ ಸ್ಪಷ್ಟವಾಗಿ ಕಾಣುತ್ತದೆ. ನೆಲಕ್ಕೆ ಬಡಿಯುವುದು ಪೂರ್ತಿ ನಿಂತಿಲ್ಲ. ಮೊಣಕೈ ವಿಷಯದಲ್ಲಿ ಕೋಚ್ ಹೇಳಿದ್ದು ಸರಿಯೇ ಇತ್ತು.