ಮನೆಗೆ ಬರುವ ಅಕ್ಕ, ಬೇಬಿ ಸಿಟ್ಟಿಂಗ್, ಓಣಿಯ ನಾಲ್ಕು ಮನೆ: ಮೂರನ್ನೂ ಮಾಡಿ ನೋಡಿದ ಮೇಲೆ

ನಮ್ಮ ಮನೆ ಹುಬ್ಬಳ್ಳಿಯ ನವನಗರದಲ್ಲಿ, ನನ್ನ ನೌಕರಿ ಧಾರವಾಡದಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಂತೆ 26 ವಾರಗಳ ಹೆರಿಗೆ ರಜೆ ಪೂರ್ತಿ ಸಿಕ್ಕಿತು. ಆದರೆ ಅದೇ ಕಾಯ್ದೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿದ್ದು 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾತ್ರ, ನಮ್ಮ ಕಚೇರಿಯಲ್ಲಿ ಇರುವವರು ಹದಿನೆಂಟು ಮಂದಿ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣಕ್ಕೆ ಮೂರು ವರ್ಷ ತುಂಬಬೇಕು. ಅತ್ತೆಯವರಿಗೆ ಮೊಣಕಾಲು ನೋವು, ಅವ್ವ ಗದಗಿನ ಮನೆ ಬಿಟ್ಟು ಬರುವಂತಿಲ್ಲ. ಹೀಗಾಗಿ ಮಗಳನ್ನು ನೋಡಿಕೊಳ್ಳಲು ಎರಡು ವರ್ಷಗಳಲ್ಲಿ ಮೂರು ಏರ್ಪಾಡುಗಳನ್ನು ಒಂದಾದ ಮೇಲೊಂದು ಮಾಡಿ ನೋಡಿದೆ. ಏರ್ಪಾಡು ಕೈಕೊಟ್ಟ ದಿನಕ್ಕೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಿದ್ದೆ. ಚೆನ್ನಾಗಿ ನಡೆದ ದಿನಗಳಲ್ಲಿ ಮೂರೂ ಚೆನ್ನಾಗಿಯೇ ಇದ್ದುದರಿಂದ ಹೋಲಿಸಲು ಆ ಗುರುತುಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ಮೊದಲು ಧಾರವಾಡದ ಹತ್ತಿರದ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬರತೊಡಗಿದರು. ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ನನ್ನ ಕೈಯಲ್ಲಿ ಬಾಯಿ ಬಿಗಿಹಿಡಿಯುತ್ತಿದ್ದ ಮಗಳು, ಆಕೆ ಬಿಸಿ ರೊಟ್ಟಿಯ ಮೇಲ್ಪದರ ಬಿಡಿಸಿ, ಹಾಲಿನಲ್ಲಿ ನೆನೆಸಿ, ಹೆಬ್ಬೆರಳಿನಿಂದ ಕಿವುಚಿ ಕೊಟ್ಟರೆ ಬಟ್ಟಲು ಖಾಲಿಯಾಗುವವರೆಗೂ ತಿನ್ನುತ್ತಿದ್ದಳು. ಅಕ್ಕರೆಯ ವಿಷಯದಲ್ಲಿ ಈ ಏರ್ಪಾಡಿಗೆ ಸಾಟಿಯಿಲ್ಲ. ಆದರೆ ಐದು ತಿಂಗಳಲ್ಲಿ ಕೆಂಪು ಗುರುತು ಹದಿನೇಳು. ಪಂಚಮಿ ಹಬ್ಬಕ್ಕೆ ತವರಿಗೆ ಹೋದ ಒಂದು ವಾರ ಅದರಲ್ಲಿ ಸೇರಿದೆ, ಉಳಿದವು ಹೆಚ್ಚಾಗಿ ಬೆಳಿಗ್ಗೆ ಏಳೂವರೆಯ ಫೋನಿನವು: "ಅಕ್ಕಾರ, ನನ್ನ ಮಗಗ ಜ್ವರ ಬಂದಾವ್ರಿ, ಇವತ್ತ ಬರಾಂಗಿಲ್ರಿ." ತಮ್ಮ ಮಗನನ್ನು ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಯಲ್ಲಿ ಬಿಟ್ಟು ಅವರು ನನ್ನ ಮಗಳನ್ನು ನೋಡಿಕೊಳ್ಳಲು ಬರುತ್ತಿದ್ದರು. ಜ್ವರದ ಮಗುವನ್ನು ಬಿಟ್ಟು ಬರಲಾಗದೆ ಅವರು ರಜೆ ಮಾಡಿದರೆ ಇಲ್ಲಿ ನಾನೂ ರಜೆ ಮಾಡಬೇಕು. ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ.

ಎರಡನೆಯದು ಬೇಬಿ ಸಿಟ್ಟಿಂಗ್. ಕಚೇರಿಗೆ ಹತ್ತಿರವಿರಲೆಂದು ಧಾರವಾಡದಲ್ಲೇ ಒಂದನ್ನು ಹಿಡಿದೆ. ಇದು ನಾನು ಮಾಡಿದ ದೊಡ್ಡ ತಪ್ಪು. ಕೂಸು ನನ್ನ ಜೊತೆ ದಿನವೂ ಎರಡು ಸಲ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ಹತ್ತಬೇಕಾಯಿತು, ನನಗೆ ತಡವಾದ ದಿನ ಓಣಿಯವರು ಯಾರೂ ಹೋಗಿ ಕರೆತರುವಂತಿರಲಿಲ್ಲ, ಆರೂವರೆ ದಾಟಿದರೆ ಪ್ರತಿ ಅರ್ಧ ತಾಸಿಗೆ ನೂರು ರೂಪಾಯಿ ಹೆಚ್ಚು. ಒಂದು ಸಂಜೆ ಬೇರೆ ಮಗುವಿನ ಹೆಸರು ಬರೆದ ಹಾಲಿನ ಬಾಟಲಿ ನಮ್ಮ ಚೀಲದಲ್ಲಿತ್ತು. ಕೇಳಿದರೆ ನಕ್ಕು ಸುಮ್ಮನಾದರು. ದಾಖಲು ಮಾಡುವ ದಿನ ತೋರಿಸುವ ಬಣ್ಣದ ಗೋಡೆಗಳಿಗಿಂತ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಮಲಗಿದ ಮಕ್ಕಳ ನಡುವೆ ಎಷ್ಟು ಜನ ಆಯಾಗಳಿದ್ದಾರೆಂದು ಎಣಿಸುವುದು ಒಳ್ಳೆಯದು. ನಾನು ಎಣಿಸಿದಾಗ ಹನ್ನೊಂದು ಮಕ್ಕಳಿಗೆ ಒಬ್ಬರಿದ್ದರು. ಹಾಗಿದ್ದೂ ಅಲ್ಲಿ ಬಾಗಿಲು ಮುಚ್ಚಿದ ದಿನಗಳು ಕಡಿಮೆ. ಆರು ತಿಂಗಳ ಒಂಬತ್ತು ಗುರುತುಗಳಲ್ಲಿ ಏಳು ನೆಗಡಿ, ಜ್ವರದ ಮಗುವನ್ನು ಸೇರಿಸಿಕೊಳ್ಳದ ದಿನಗಳು.

ಮೂರನೆಯದು ನಮ್ಮ ಓಣಿಯಲ್ಲಿ ಸಣ್ಣ ಮಕ್ಕಳಿರುವ ನಾಲ್ಕು ಮನೆಗಳ ಒಪ್ಪಂದ. ಇದರಲ್ಲಿ ಹಣದ ಮಾತಿಲ್ಲ. ಒಂದು ತಾಸು ಮಗುವನ್ನು ನೋಡಿಕೊಂಡರೆ ಒಂದು ಹುಣಸೆ ಬೀಜ, ಆರಂಭಕ್ಕೆ ಪ್ರತಿ ಮನೆಗೆ ಇಪ್ಪತ್ತು. ಮೊದಲ ವಾರವೇ ಒಂದು ಮಗು ಬೀಜವನ್ನು ಮೂಗಿಗೆ ತುರುಕಿಕೊಳ್ಳಲು ನೋಡಿದ್ದರಿಂದ ಬೀಜದ ಬದಲು ವಹಿ ಬಂತು. ಆಮೇಲೆ ಕಂಡ ತೊಡಕು ಯಾರೂ ಎಣಿಸದದ್ದು: ಎಲ್ಲರೂ ತಾಸುಗಳನ್ನು ಕೂಡಿಡಲು ನಿಂತರು, ಖರ್ಚು ಮಾಡಲು ಒಬ್ಬರೂ ಮುಂದಾಗಲಿಲ್ಲ. ಆಪತ್ತಿಗೆ ಇರಲಿ ಎಂಬ ಲೆಕ್ಕವೂ ಇತ್ತು, ಕೇಳುವ ಸಂಕೋಚವೂ ಇತ್ತು. ಎದುರು ಮನೆಯ ವೈನಿ ಮಗನನ್ನು ನಮ್ಮಲ್ಲಿ ಬಿಟ್ಟು ಕಣ್ಣಿನ ಡಾಕ್ಟರ ಬಳಿ ಹೋಗಬೇಕಾದಾಗಲೂ ಮೂರು ದಿನ ಹಿಂದೆ ಮುಂದೆ ನೋಡಿದ್ದರಂತೆ. ಕೊನೆಗೆ ಪ್ರತಿ ಮನೆಯವರೂ ವಾರಕ್ಕೆ ಎರಡು ತಾಸು ಖರ್ಚು ಮಾಡಲೇಬೇಕೆಂದು ಗೊತ್ತುಮಾಡಿದೆವು. ಅಲ್ಲಿಂದ ವಹಿ ತುಂಬತೊಡಗಿತು, ಅಪ್ಪಂದಿರ ಹೆಸರುಗಳೂ ಅದರಲ್ಲಿ ಬಂದವು. ಆದರೆ ಒಂಬತ್ತು ತಾಸಿನ ನೌಕರಿಗೆ ಇದೊಂದೇ ಸಾಲದು. ನಾಲ್ವರಲ್ಲಿ ಮೂವರು ತಾಯಂದಿರು ನೌಕರಿಯವರೇ.

ಸದ್ಯ ಮಗಳು ಮನೆಯಿಂದ ಐದು ನಿಮಿಷದ ಇನ್ನೊಂದು ಬೇಬಿ ಸಿಟ್ಟಿಂಗ್‌ಗೆ ಹೋಗುತ್ತಾಳೆ. ಅವಳನ್ನು ಕರೆತರಬಹುದಾದವರೆಂದು ಅಲ್ಲಿಯ ಚೀಟಿಯಲ್ಲಿ ನಮ್ಮಿಬ್ಬರ ಹೆಸರಿನ ಕೆಳಗೆ ಓಣಿಯ ಮೂರು ಮನೆಯವರ ಹೆಸರುಗಳಿವೆ. ಜ್ವರ ಬಂದರೆ ಬೆಳಗಿನ ಹೊತ್ತು ನನ್ನ ಗಂಡ ರಜೆ ಹಾಕುತ್ತಾರೆ, ಮಧ್ಯಾಹ್ನದ ಮೇಲೆ ನಾನು. ಈ ಮೂರು ತಿಂಗಳ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಎರಡು. ವಹಿಯಲ್ಲಿ ನಮ್ಮ ಮನೆಯ ಬಾಕಿ ಆರು ತಾಸು.