ಸ್ಟೀಮ್ ರಿವ್ಯೂ: ಆಟದೊಳಗಿನ ಚಾಕು ಮಾರ್ಬಹುದು, ಆಟ ಮಾರೋ ಹಾಗಿಲ್ಲ

ಪಿಸಿ ಗೇಮ್ ಆಡೋರಿಗೆ ಸ್ಟೀಮ್ ಬಗ್ಗೆ, ಅಂದ್ರೆ ವಾಲ್ವ್ ಅನ್ನೋ ಕಂಪನಿ ನಡೆಸೋ ಆನ್‌ಲೈನ್ ಗೇಮ್ ಅಂಗಡಿ ಬಗ್ಗೆ, ಹೊಸದಾಗಿ ಹೇಳೋದೇನಿದೆ ಅಂತೀರಾ, ನಿಜ, ಡೌನ್‌ಲೋಡ್ ಸ್ಪೀಡು, ಸೇಲು, ಕ್ಲೌಡ್ ಸೇವ್ ಎಲ್ಲಾ ಬರೆದು ಬರೆದು ಸವೆದು ಹೋಗಿದೆ. ಅಂಗಡಿಯಾಗಿ ಚೆನ್ನಾಗಿದೆ, 2015ರಿಂದ ರೂಪಾಯಲ್ಲೇ ರೇಟ್ ಇದೆ, ಯುಪಿಐಲಿ ದುಡ್ಡು ಕಟ್ಬಹುದು, ಅಲ್ಲಿಗೆ ಆ ವಿಷ್ಯ ಮುಗೀತು. ನಾನು ನೋಡೋಕೆ ಹೊರಟಿದ್ದು ಒಂದೇ ಒಂದು: ದುಡ್ಡು ಕೊಟ್ಟು ತಗೊಂಡು ಆಡಿ ಮುಗಿಸಿದ ಗೇಮನ್ನ ಆಮೇಲೆ ಏನ್ ಮಾಡ್ಬಹುದು?

ಏನೂ ಮಾಡಕ್ಕಾಗಲ್ಲ. ತಗೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ರಿಫಂಡ್ ಕೊಡ್ತಾರೆ, ಆ ಗಡುವು ದಾಟಿದ್ರೆ ಗೇಮು ಲೈಬ್ರರಿಲಿ ಖಾಯಂ. ಮಾರೋ ಹಾಗಿಲ್ಲ, ಅಕೌಂಟನ್ನೇ ಬೇರೆಯವರ ಹೆಸರಿಗೆ ಮಾಡೋದೂ ಅಗ್ರಿಮೆಂಟ್ ಪ್ರಕಾರ ನಿಷಿದ್ಧ.

ಟೆಕ್ನಿಕಲಿ ಕಷ್ಟ ಇರ್ಬೇಕು ಬಿಡು ಅಂದ್ಕೊಳೋರು ಒಂದ್ಸಲ ಅದೇ ಸ್ಟೀಮಲ್ಲಿ ಇನ್ವೆಂಟರಿ, ಅಂದ್ರೆ ಆಟಗಳಲ್ಲಿ ಸಿಕ್ಕ ಮಾಲಿನ ಪಟ್ಟಿ, ಓಪನ್ ಮಾಡಿ. ಕೌಂಟರ್ ಸ್ಟ್ರೈಕ್ ಅನ್ನೋ ಶೂಟಿಂಗ್ ಗೇಮ್ ಆಡಿದ್ರೆ ಗನ್ನಿನ ಸ್ಕಿನ್ನು (ಗನ್ನಿಗೆ ಹಾಕೋ ಬಣ್ಣ, ಡಿಸೈನು), ಚಾಕು, ಸ್ಟಿಕ್ಕರ್ರು ಏನಾದ್ರೂ ಬಿದ್ದಿರುತ್ತೆ. ಒಂದನ್ನ ಕ್ಲಿಕ್ ಮಾಡಿ ಸೆಲ್ ಒತ್ತಿದ್ರೆ ಎರಡು ಡಬ್ಬಿ ಬರುತ್ತೆ, ಒಂದ್ರಲ್ಲಿ ಕೊಳ್ಳೋನು ಎಷ್ಟು ಕೊಡ್ತಾನೆ, ಇನ್ನೊಂದ್ರಲ್ಲಿ ನಿಮಗೆಷ್ಟು ಬರುತ್ತೆ. ನಡುವಿನ ವ್ಯತ್ಯಾಸ ಕಮಿಷನ್ನು, ಸ್ಟೀಮಿಗೆ 5 ಪರ್ಸೆಂಟು, ಆಟದ ಲೆಕ್ಕಕ್ಕೆ ಇನ್ನೊಂದು 10, ಕೌಂಟರ್ ಸ್ಟ್ರೈಕ್ ಮಾಡಿದ್ದೂ ವಾಲ್ವೇ ಆಗಿರೋದ್ರಿಂದ ಎರಡೂ ಒಂದೇ ಜೇಬಿಗೆ. ಮೊಬೈಲಲ್ಲಿ ಕನ್ಫರ್ಮ್ ಮಾಡಿದ್ರೆ ಆಯ್ತು, ಯಾರೋ ತಗೊಂಡ ತಕ್ಷಣ ಸ್ಕಿನ್ನು ನಿಮ್ಮ ಹತ್ರ ಮಾಯ, ಅವರ ಹತ್ರ ಹಾಜರ್. ದುಡ್ಡು ಬರೋದು ಬ್ಯಾಂಕಿಗಲ್ಲ, ಸ್ಟೀಮಲ್ಲೇ ಖರ್ಚು ಮಾಡ್ಬೇಕಾದ ಸ್ಟೀಮ್ ವ್ಯಾಲೆಟಿಗೆ, ಅದೊಂದು ಕಿರಿಕ್ಕು. ಆದ್ರೆ ನೋಡಿ, ಸೆಕೆಂಡ್ ಹ್ಯಾಂಡ್ ಡಿಜಿಟಲ್ ಮಾಲು ಮಾರೋಕೆ ಬೇಕಾದ ಇಡೀ ವ್ಯವಸ್ಥೆ ಆಗ್ಲೇ ಕಟ್ಟಿಟ್ಟಿದಾರೆ, ಕಮಿಷನ್ ಸಮೇತ. ಚಾಕುಗೆ ಆಗೋದು ಗೇಮಿಗೆ ಯಾಕಾಗಲ್ಲ ಅಂದ್ರೆ ಅವರಿಗೆ ಬೇಡ, ಅಷ್ಟೇ.

ಬೇಡ ಅನ್ನೋ ಹಕ್ಕು ಅವರಿಗಿದೆಯಾ ಅಂತ ಯುರೋಪಲ್ಲಿ ದೊಡ್ಡ ಜಗಳಾನೇ ನಡೀತು. 2012ರ ಜುಲೈ 3ಕ್ಕೆ ಯುರೋಪಿಯನ್ ಯೂನಿಯನ್ ಕೋರ್ಟು ಹಳೇ ಸಾಫ್ಟ್‌ವೇರ್ ಲೈಸೆನ್ಸ್ ಮಾರೋ ಯೂಸ್ಡ್‌ಸಾಫ್ಟ್ ಅನ್ನೋ ಜರ್ಮನ್ ಕಂಪನಿ ಮತ್ತೆ ಸಾಫ್ಟ್‌ವೇರ್ ಕಂಪನಿ ಒರೇಕಲ್ ನಡುವಿನ ಕೇಸಲ್ಲಿ ಏನ್ ಹೇಳ್ತು ಅಂದ್ರೆ, ಡೌನ್‌ಲೋಡ್ ಮಾಡ್ಕೊಂಡ ಸಾಫ್ಟ್‌ವೇರೇ ಆಗ್ಲಿ, ಒಂದ್ಸಲ ದುಡ್ಡು ಇಸ್ಕೊಂಡು ಕಾಲಮಿತಿ ಇಲ್ಲದೆ ಬಳಸೋಕೆ ಬಿಟ್ರೆ ಅದು ಮಾರಾಟವೇ, ನೀವು ಲೈಸೆನ್ಸ್ ಅಂತ ಹೆಸರಿಟ್ಟ ಮಾತ್ರಕ್ಕೆ ಬದಲಾಗಲ್ಲ, ಕೊಂಡೋನು ತನ್ನ ಕಾಪಿ ಅಳಿಸಿ ಇನ್ನೊಬ್ಬನಿಗೆ ಮಾರ್ಬಹುದು. ಒಂದು ಷರತ್ತಿತ್ತು, 25 ಜನರ ಲೈಸೆನ್ಸ್ ತಗೊಂಡು ಅದ್ರಲ್ಲಿ ಹತ್ತು ಮಾತ್ರ ಕಿತ್ತು ಮಾರೋ ಹಾಗಿಲ್ಲ, ಕೊಟ್ರೆ ಪೂರ್ತಿ ಕೊಡ್ಬೇಕು.

ಇದನ್ನ ಹಿಡ್ಕೊಂಡು ಫ್ರಾನ್ಸಿನ ಗ್ರಾಹಕರ ಸಂಘ ಯುಎಫ್‌ಸಿ ಕ್ಯು ಶ್ವಾಜೀರ್ 2015ರಲ್ಲಿ ವಾಲ್ವ್ ಮೇಲೆ ಕೇಸ್ ಹಾಕ್ತು. 2019ರ ಸೆಪ್ಟೆಂಬರಲ್ಲಿ ಪ್ಯಾರಿಸ್ ಕೋರ್ಟು ಸ್ಟೀಮಿನ ರೀಸೇಲ್ ನಿಷೇಧ ನಡೆಯಲ್ಲ ಅಂತ ಹೇಳಿದ್ದೇ ತಡ, ನಮ್ಮ ಗ್ರೂಪುಗಳಲ್ಲೂ ಹಬ್ಬ. ಅಪೀಲಿಗೆ ಹೋದ ಮೇಲೆ 2022ರ ಅಕ್ಟೋಬರಲ್ಲಿ ಅದೆಲ್ಲ ಉಲ್ಟಾ ಆಯ್ತು, 2024ರ ಅಕ್ಟೋಬರ್ 23ಕ್ಕೆ ಅಲ್ಲಿನ ಅತ್ಯುನ್ನತ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಕೊಟ್ಟ ಕಾರಣ ಕೇಳಿ: ಗೇಮ್ ಅನ್ನೋದು ಬರೀ ಸಾಫ್ಟ್‌ವೇರಲ್ಲ, ಚಿತ್ರ, ಸಂಗೀತ, ಕತೆ ಎಲ್ಲಾ ಸೇರಿದ ಕೃತಿ, ಹಾಗಾಗಿ ಸಾಫ್ಟ್‌ವೇರ್ ಕಾನೂನು ಒಂದೇ ಇದಕ್ಕೆ ಸಾಲಲ್ಲ, ಕಾಪಿರೈಟಿನ ಸಾಮಾನ್ಯ ಕಾನೂನೇ ಬೇಕು, ಅದ್ರಲ್ಲಿ ಮರುಮಾರಾಟದ ಹಕ್ಕು ಇರೋದು ಕೈಗೆ ಸಿಗೋ ಪ್ರತಿಗೆ ಮಾತ್ರ. ಇ-ಬುಕ್ ಬಗ್ಗೆ 2019ರ ಡಿಸೆಂಬರಲ್ಲಿ ಹಳೇ ಇ-ಬುಕ್ ಮಾರೋ ಟಾಮ್ ಕ್ಯಾಬಿನೆಟ್ ಅನ್ನೋ ಸೈಟಿನ ಕೇಸಲ್ಲಿ ಯುರೋಪಿಯನ್ ಕೋರ್ಟು ಇದೇ ದಾರಿ ಹಿಡಿದಿತ್ತು, ಡಿಜಿಟಲ್ ಕಾಪಿ ಬಳಸಿದ್ರೂ ಸವೆಯಲ್ಲ, ಹಳೇದೂ ಹೊಸದೂ ಒಂದೇ, ಹಾಗಾಗಿ ಲೇಖಕರ ಮಾರ್ಕೆಟ್ಟಿಗೆ ಹೊಡೆತ ಅಂತ. ಈ ವಾದ ಪೂರ್ತಿ ತಳ್ಳಿಹಾಕೋ ಹಾಗಿಲ್ಲ, ನಾಲ್ಕೈದು ಜನ ಸೇರಿ ಮಾಡಿದ ಸಣ್ಣ ಗೇಮು ಒಬ್ಬನಿಂದ ಒಬ್ಬನಿಗೆ ದಾಟ್ತಾನೇ ಹೋದ್ರೆ ಅವರು ಬದುಕೋದೆಂಗೆ? ಆದ್ರೆ ಚಾಕುವಿನ ಕಮಿಷನ್ ಥರ ಪ್ರತಿ ರೀಸೇಲಲ್ಲೂ ಅವರಿಗೊಂದು ಪಾಲು ಇಟ್ರೆ ಆಯ್ತಲ್ಲ!

ನಮ್ಮಲ್ಲಿ? ಅವೆನ್ಯೂ ರೋಡಲ್ಲಿ ಹಳೇ ಪುಸ್ತಕ ಮಾರೋರನ್ನ ಯಾವ ಪ್ರಕಾಶಕರೂ ತಡೆಯೋಕಾಗಲ್ಲ, ಯಾಕಂದ್ರೆ ಕಾಪಿರೈಟ್ ಕಾಯ್ದೆ 14ನೇ ಸೆಕ್ಷನ್ನಲ್ಲೇ ಆಗ್ಲೇ ಚಲಾವಣೆಗೆ ಬಂದ ಪ್ರತಿಗಳನ್ನ ಹೊರಗಿಟ್ಟಿದಾರೆ. ಸಾಫ್ಟ್‌ವೇರಿಗೆ ಅದೇ ಸೆಕ್ಷನ್ನಲ್ಲಿ ಬೇರೆ ಕಲಮಿದೆ, ಮೊದಲು ಅದ್ರಲ್ಲಿ ಹಿಂದೆ ಮಾರಾಟ ಆಗಿರೋ ಪ್ರತಿ ಮೇಲೂ ಕಂಪನಿಗೇ ಹಕ್ಕು ಅನ್ನೋ ಅರ್ಥದ ಮಾತಿತ್ತು, 1999ರ ತಿದ್ದುಪಡಿಲಿ ಅದನ್ನ ತೆಗೆದ್ರು. ಆಮೇಲೆ 2021ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಕೇಸಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ ತೀರ್ಪಿನ ಮೇಲೆ ಹೋದ ಅಪೀಲು ಅದು, ಕಾಗದದಲ್ಲಿ ಲೈಸೆನ್ಸ್ ಅಂತಿದ್ರೂ ಇದು ಸಾಫ್ಟ್‌ವೇರ್ ಅನ್ನೋ ಸರಕಿನ ಮಾರಾಟ, ಕಾಪಿರೈಟಿನ ರಾಯಲ್ಟಿ ಅಲ್ಲ ಅಂತು. ಅಲ್ಲಿ ಪ್ರಶ್ನೆ ಇನ್‌ಕಮ್ ಟ್ಯಾಕ್ಸ್‌ದು, ನಾವು ನೀವು ಗೇಮ್ ಮಾರೋದ್ರದ್ದಲ್ಲ, ಅದನ್ನ ತೋರಿಸಿ ಸ್ಟೀಮ್ ಸಪೋರ್ಟಿಗೆ ಟಿಕೆಟ್ ಹಾಕಿದ್ರೆ ನಗ್ತಾರೆ ಅಷ್ಟೇ. ಆದ್ರೂ ಟ್ಯಾಕ್ಸ್ ಲೆಕ್ಕದಲ್ಲಿ ಮಾರಾಟ, ನಾವು ಮಾರ್ತೀವಿ ಅಂದಾಗ ಬರೀ ಲೈಸೆನ್ಸು, ಯಾವ ನ್ಯಾಯ ಸ್ವಾಮಿ ಇದು?

ಒಂದು ವಿಷಯಕ್ಕೆ ಮಾತ್ರ ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ, ಈಗ ಕಾರ್ಟಲ್ಲೇ ಬರೆದಿರ್ತಾರೆ, ನೀವು ತಗೊಳ್ತಿರೋದು ಲೈಸೆನ್ಸು ಅಂತ. ಡಿಜಿಟಲ್ ಮಾಲು ಮಾರೋವಾಗ ಕೊಡ್ತಿರೋದು ಲೈಸೆನ್ಸು ಅಂತ ಹೇಳ್ಲೇಬೇಕು ಅಂತ ಕ್ಯಾಲಿಫೋರ್ನಿಯಾದವರು ಎಬಿ 2426 ಅನ್ನೋ ಕಾನೂನು ಪಾಸ್ ಮಾಡಿದ್ರು, 2025ರ ಜನವರಿಯಿಂದ ಜಾರಿ, ಈ ಸಾಲು ಕಾರ್ಟಿಗೆ ಬಂದಿದ್ದು ಅದರ ಹಿಂದಿನ ಅಕ್ಟೋಬರಲ್ಲಿ. ರಿಫಂಡೂ ಅಷ್ಟೇ, ಆಸ್ಟ್ರೇಲಿಯಾದ ಗ್ರಾಹಕ ಆಯೋಗ ವಾಲ್ವನ್ನ ಕೋರ್ಟಿಗೆಳೆದದ್ದು 2014ರ ಆಗಸ್ಟಲ್ಲಿ, ಎಲ್ರಿಗೂ ರಿಫಂಡ್ ಅಂತ ಶುರುವಾಗಿದ್ದು 2015ರ ಜೂನಲ್ಲಿ. ಕೇಸಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ವೋ ನೀವೇ ಊಹೆ ಮಾಡ್ಕೊಳಿ.

ಬೇರೆ ದಾರಿ ಕೇಳಿದ್ರೆ, ಜಿಒಜಿ ಅನ್ನೋ ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿಲಿ ಗೇಮಿನ ಇನ್‌ಸ್ಟಾಲರ್ ಫೈಲೇ ಇಳಿಸಿ ಹಾರ್ಡ್ ಡಿಸ್ಕಲ್ಲಿ ಇಟ್ಕೋಬಹುದು, ನೆಟ್ಟಿಲ್ದೆ ಓಡುತ್ತೆ, ರಿಫಂಡು 30 ದಿನ. ಮಾರೋಕೆ ಅಲ್ಲೂ ಇಲ್ಲ. ಮಾರ್ಲೇಬೇಕು ಅನ್ನೋರಿಗೆ ಈಗ್ಲೂ ಕನ್ಸೋಲ್ ಡಿಸ್ಕೇ ಗತಿ. ಸೋನಿಯ ಪಿಎಸ್5 ಕನ್ಸೋಲ್ ಇಲ್ಲಿ 2021ರಲ್ಲಿ ಬಂದಾಗ ಡಿಸ್ಕಿಂದು 49,990, ಡಿಸ್ಕ್ ಹಾಕೋಕಾಗದ ಡಿಜಿಟಲ್ಲು 39,990 ಇತ್ತು, ಹತ್ತು ಸಾವಿರ ಉಳೀತು ಅಂತ ಡಿಜಿಟಲ್ ತಗೊಂಡೋರು ಮುಗಿಸಿದ ಗೇಮ್ ಮಾರಿ ಮುಂದಿನದಕ್ಕೆ ದುಡ್ಡು ಹೊಂದಿಸೋ ದಾರಿಗೆ ತಾವೇ ಬೀಗ ಹಾಕ್ಕೊಂಡ್ರು.

ಹಾಗಾದ್ರೆ ಸ್ಟೀಮ್ ಬಿಡ್ಬೇಕಾ? ನಾನಂತೂ ಬಿಡಲ್ಲ, ಅಷ್ಟು ಗೇಮ್ ಬೇರೆ ಕಡೆ ಸಿಗಲ್ಲ. ಆದ್ರೆ ವರ್ಷಗಟ್ಲೆ ಆಡೋ ಗೇಮಿಗೆ ಪೂರ್ತಿ ರೇಟ್ ಕೊಡ್ತೀನಿ, ಒಂದ್ಸಲ ಕತೆ ಮುಗಿದ್ರೆ ಮುಟ್ಟದೇ ಇರೋದನ್ನ ಸೇಲ್ ಬರೋವರೆಗೂ ಮುಟ್ಟಲ್ಲ. ಮನೇಲಿ ಇನ್ನೂ ಆಡೋರಿದ್ರೆ ಒಬ್ಬರ ಗೇಮನ್ನ ಮನೆಯವರೂ ಆಡೋಕೆ ಬಿಡೋ ಸ್ಟೀಮ್ ಫ್ಯಾಮಿಲೀಸ್ ಮಾಡ್ಕೊಳಿ, ನೀವೂ ಸೇರಿ ಒಟ್ಟು ಆರು ಜನರ ತನಕ ಇರ್ಬಹುದು, ಆದ್ರೆ ನಿಮ್ಮ ಕಾಪಿಲಿ ನಿಮ್ ತಮ್ಮ ಚೀಟ್ ಹಾಕಿ ಸಿಕ್ಕಿಬಿದ್ರೆ ಆ ಗೇಮಲ್ಲಿ ನಿಮಗೂ ಬ್ಯಾನು, ಯಾರನ್ನ ಸೇರಿಸ್ತೀರಾ ನೋಡ್ಕೊಂಡು ಸೇರಿಸಿ. ಗೇಮ್ ಮಾರಕ್ಕಾಗಲ್ಲ ಅಂತ ಅಕೌಂಟನ್ನೇ ಮಾರೋರು ಟೆಲಿಗ್ರಾಮಲ್ಲಿ ಇರ್ತಾರೆ, ಆ ಕಡೆ ತಲೆ ಹಾಕ್ಬೇಡಿ, ದುಡ್ಡು ಕೊಟ್ಟ ಮೇಲೂ ಹಳೇ ಓನರ್ರು ಮೊದಲು ಕಟ್ಟಿದ ಬಿಲ್ ತೋರಿಸಿ ಸಪೋರ್ಟಿಂದ ಅಕೌಂಟ್ ವಾಪಸ್ ಎಳ್ಕೋಬಹುದು, ಆಗ ಸ್ಟೀಮ್ ಹತ್ರ ನಿಮ್ಮ ಕಂಪ್ಲೇಂಟ್ ನಡೆಯಲ್ಲ. ಐದಕ್ಕೆ ಮೂರೂವರೆ.